ಜೇಬಿನ ಲೆಕ್ಕ, ಬೆಳಕಿನ ಲೆಕ್ಕ



ಪರೀಕ್ಷೆ ಮುಗಿದು ಬೇಸಿಗೆ ರಜೆ ಹತ್ತಿರ ಬಂತೆಂದರೆ ಮನೆಮನೆಯಲ್ಲೂ ಬೇಡಿಕೆಯ ಪಟ್ಟಿ ಉದ್ದವಾಗುತ್ತದೆ. ಹಿಂದೆ ಆ ಪಟ್ಟಿಯಲ್ಲಿ ಸೈಕಲ್ಲು, ಕ್ರಿಕೆಟ್ ಬ್ಯಾಟು, ಕೇರಂ ಬೋರ್ಡು ಇರುತ್ತಿದ್ದವು. ಈಗ ಹೈಸ್ಕೂಲು ಮಕ್ಕಳ ಪಟ್ಟಿಯಲ್ಲಿ ಇನ್ನೊಂದು ಸೇರಿಕೊಂಡಿದೆ: ಡಿಎಸ್‌ಎಲ್‌ಆರ್ ಕ್ಯಾಮೆರಾ. ಬೆಲೆ ಕೇಳಿದ ಅಪ್ಪ-ಅಮ್ಮ ಹುಬ್ಬೇರಿಸುತ್ತಾರೆ. ಮಕ್ಕಳು ಮೆಲ್ಲಗೆ ಅಜ್ಜನ ಕುರ್ಚಿಯ ಪಕ್ಕಕ್ಕೆ ಬಂದು ನಿಲ್ಲುತ್ತಾರೆ. ಪಿಂಚಣಿ ಬರುವ ತಾರೀಕು ನಮಗಿಂತ ಮೊಮ್ಮಕ್ಕಳಿಗೇ ಚೆನ್ನಾಗಿ ನೆನಪಿರುತ್ತದೆ!

ನಾನು ಛಾಯಾಗ್ರಾಹಕನಲ್ಲ. ಬಿ.ಕಾಂ. ಓದಿ, ಬ್ಯಾಂಕಿನ ಕೌಂಟರಿನಲ್ಲಿ ಕೂತು ತಲೆಗೂದಲು ನರೆಸಿಕೊಂಡ ಗುಮಾಸ್ತ. ಆದರೆ ಕಳೆದ ಚಳಿಗಾಲದಲ್ಲಿ ಒಂಬತ್ತನೇ ತರಗತಿಯ ಮೊಮ್ಮಗಳಿಗೆ ಮೊದಲ ಕ್ಯಾಮೆರಾ ಕೊಳ್ಳುವಾಗ ಅವಳೂ ನಾನೂ ಎರಡು ತಿಂಗಳು ಕೂತು ಓದಿದೆವು, ಅಂಗಡಿ ಸುತ್ತಿದೆವು, ನೋಟುಬುಕ್ಕಿನಲ್ಲಿ ಜಮಾ-ಖರ್ಚು ಬರೆದೆವು. ಅವಳ ಖಾತೆಯಲ್ಲಿ ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ಬಂದ ಕಾಸು ಸೇರಿ 9,000 ರೂಪಾಯಿ ಇತ್ತು. ನಾನು 16,000 ಸೇರಿಸುತ್ತೇನೆ ಎಂದೆ. ಒಟ್ಟು 25,000. ಅದರಾಚೆ ಒಂದು ರೂಪಾಯಿಯೂ ಇಲ್ಲ ಎಂದು ಇಬ್ಬರೂ ಒಪ್ಪಿ ರುಜು ಹಾಕಿದೆವು. ನಾವು ಕಲಿತದ್ದನ್ನು ಈ ವಾರ ನಿಮಗೂ ಹೇಳುತ್ತೇನೆ.

ಮೊದಲು ಮೂವತ್ತು ದಿನ

ಕ್ಯಾಮೆರಾ ಬೇಕು ಎಂದ ದಿನವೇ ಅಂಗಡಿಗೆ ಹೋಗಬೇಡಿ. ಸಾಲ ಕೊಡುವ ಮೊದಲು ಬ್ಯಾಂಕು ಅರ್ಜಿದಾರನ ಹಿಂದಿನ ವ್ಯವಹಾರ ನೋಡುತ್ತದೆ. ಹಾಗೆಯೇ ನಾವೂ ನೋಡಬೇಕು. ನಾನು ಮೊಮ್ಮಗಳಿಗೆ ಒಂದು ಷರತ್ತು ಹಾಕಿದೆ. ಮನೆಯಲ್ಲಿರುವ ಫೋನಿನಲ್ಲೇ ಮೂವತ್ತು ದಿನ, ದಿನಕ್ಕೊಂದು ಫೋಟೊ. ನೂರು ತೆಗೆದರೂ ಸರಿ, ರಾತ್ರಿ ಮಲಗುವ ಮುನ್ನ ಒಂದನ್ನು ಆರಿಸಿ ಇಡಬೇಕು. ಒಂದು ದಿನ ತಪ್ಪಿದರೂ ಎಣಿಕೆ ಮತ್ತೆ ಒಂದರಿಂದ ಶುರು.

ಅವಳು ತಪ್ಪಲಿಲ್ಲ. ಅವಳಿಗೆ ಆಸೆ ಹುಟ್ಟಿದ್ದು ಕುಕ್ಕರಹಳ್ಳಿ ಕೆರೆಯ ಹೆಜ್ಜಾರ್ಲೆಗಳನ್ನು ನೋಡಿ. ಹಕ್ಕಿಗಳ ಚಿತ್ರ ತೆಗೆಯಬೇಕು, ಅದಕ್ಕೆ ಮೊಳದುದ್ದದ ಲೆನ್ಸು ಬೇಕು ಎಂಬುದು ಅವಳ ಹಟ. ಮೂವತ್ತನೇ ದಿನ ಇಬ್ಬರೂ ಕೂತು ಎಣಿಸಿದೆವು. ಹಕ್ಕಿಗಳು 4. ಬೀದಿ, ಮಾರುಕಟ್ಟೆ 6. ಹೂವು, ಬೆಕ್ಕು, ಮೋಡ ಸೇರಿ 3. ಮನೆಯ ಜನ 17! ಯಾರೂ ಏನೂ ಹೇಳಬೇಕಾಗಲಿಲ್ಲ. ಅವಳೇ ಪಟ್ಟಿ ನೋಡಿ, "ತಾತ, ನನಗೆ ಇಷ್ಟ ಇರುವುದು ಮುಖಗಳು ಅಂತ ಕಾಣುತ್ತೆ" ಎಂದಳು.

ಈ ಎಣಿಕೆಯಿಂದ ಎರಡು ಲಾಭ. ಮಗುವಿನ ಆಸೆ ಒಂದು ವಾರದ್ದೋ ನಿಜವಾದದ್ದೋ ಎಂಬುದು ದುಡ್ಡು ಬಿಚ್ಚುವ ಮೊದಲೇ ತಿಳಿಯುತ್ತದೆ. ಎರಡನೆಯದಾಗಿ, ಯಾವ ಲೆನ್ಸು ಬೇಕೆಂದು ಅಂಗಡಿಯವನು ಹೇಳುವ ಮುಂಚೆ ನಿಮ್ಮ ಪಟ್ಟಿಯೇ ಹೇಳಿಬಿಡುತ್ತದೆ. ಹತ್ತನೇ ದಿನಕ್ಕೇ ಉತ್ಸಾಹ ಇಳಿದರೆ ಬೇಸರ ಬೇಡ. ಆ ಮಗುವಿಗೆ ಸದ್ಯಕ್ಕೆ ಫೋನು ಸಾಕು. 25,000 ಉಳಿಯಿತು.

ಪೆಟ್ಟಿಗೆಯೊಳಗೆ ಏನಿದೆ?

ಡಿಎಸ್‌ಎಲ್‌ಆರ್ ಎಂದರೆ ಡಿಜಿಟಲ್ ಸಿಂಗಲ್ ಲೆನ್ಸ್ ರಿಫ್ಲೆಕ್ಸ್. ಹೆಸರು ದೊಡ್ಡದು, ಒಳಗಿರುವ ಉಪಾಯ ಸರಳ. ಲೆನ್ಸಿನಿಂದ ಒಳಗೆ ಬಂದ ಬೆಳಕು ಓರೆಯಾಗಿ ನಿಲ್ಲಿಸಿದ ಒಂದು ಪುಟ್ಟ ಕನ್ನಡಿಗೆ ಬಡಿದು ಮೇಲಕ್ಕೆ ಹೋಗುತ್ತದೆ. ಮೇಲಿನ ಗೂಡಿನಲ್ಲಿರುವ ಪ್ರತಿಫಲಕಗಳು ಅದನ್ನು ನೆಟ್ಟಗೆ ತಿರುಗಿಸಿ ನಮ್ಮ ಕಣ್ಣಿಗೆ ಕಳಿಸುತ್ತವೆ. ಗುಂಡಿ ಒತ್ತಿದಾಗ ಕನ್ನಡಿ ಮೇಲಕ್ಕೆ ಹಾರುತ್ತದೆ, ಅದರ ಹಿಂದಿನ ಪರದೆ ಕ್ಷಣಕಾಲ ತೆರೆಯುತ್ತದೆ, ಬೆಳಕು ಸೆನ್ಸರ್ ಎಂಬ ಫಲಕದ ಮೇಲೆ ಬಿದ್ದು ಚಿತ್ರವಾಗುತ್ತದೆ. ನೀವು ಕೇಳುವ 'ಟಕ್' ಶಬ್ದ ಕನ್ನಡಿಯೂ ಪರದೆಯೂ ಓಡಾಡುವ ಸದ್ದು.

ಈ ಸೆನ್ಸರೇ ಮುಖ್ಯ. ಮಳೆ ಬರುವಾಗ ಅಂಗಳದಲ್ಲಿ ಒಂದು ಲೋಟ, ಒಂದು ಪರಾತ ಇಟ್ಟರೆ ಯಾವುದರಲ್ಲಿ ಹೆಚ್ಚು ನೀರು ಸೇರುತ್ತದೆ? ಫೋನಿನ ಸೆನ್ಸರು ಲೋಟ, ಕ್ಯಾಮೆರಾದ್ದು ಪರಾತ. ಕ್ಯಾನನ್ ಕಂಪನಿಯ ಆರಂಭಿಕ ಡಿಎಸ್‌ಎಲ್‌ಆರ್‌ಗಳಲ್ಲಿ ಸೆನ್ಸರು 22.3 ಮಿ.ಮೀ. ಅಗಲ, 14.9 ಮಿ.ಮೀ. ಎತ್ತರ ಇರುತ್ತದೆ. ಗುಣಿಸಿದರೆ ಸುಮಾರು 332 ಚದರ ಮಿ.ಮೀ. ಫೋನುಗಳ ಸೆನ್ಸರು ಇದಕ್ಕಿಂತ ಹಲವು ಪಟ್ಟು ಚಿಕ್ಕದು. ಸಂಜೆಯ ಮಂದ ಬೆಳಕಿನಲ್ಲಿ, ದೇವರ ಮನೆಯ ದೀಪದ ಬೆಳಕಿನಲ್ಲಿ ವ್ಯತ್ಯಾಸ ಎದ್ದು ಕಾಣುವುದು ಇದಕ್ಕೇ.

ಹಳೆಯದನ್ನೇ ಕೊಳ್ಳುವುದು ಏಕೆ?

ಈಗ ಕಂಪನಿಗಳ ಗಮನವೆಲ್ಲ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳ ಮೇಲಿದೆ. ಕ್ಯಾನನ್, ನಿಕಾನ್ ಎರಡೂ ಹೊಸ ಡಿಎಸ್‌ಎಲ್‌ಆರ್ ಮಾದರಿಗಳನ್ನು ಕೊನೆಯದಾಗಿ ಬಿಡುಗಡೆ ಮಾಡಿದ್ದು 2020ರಲ್ಲಿ. ಹಾಗಾಗಿ ಅನುಕೂಲವಂತರು ತಮ್ಮ ಡಿಎಸ್‌ಎಲ್‌ಆರ್ ಮಾರಿ ಹೊಸದಕ್ಕೆ ಹೋಗುತ್ತಿದ್ದಾರೆ. ಇನ್ನು ಕೆಲವರು ಮದುವೆಯಾದ ಹೊಸತರಲ್ಲೋ ಪ್ರವಾಸಕ್ಕೆಂದೋ ಕೊಂಡು, ನಾಲ್ಕು ಸಲ ಬಳಸಿ, ಬೀರುವಿನಲ್ಲಿ ಇಟ್ಟವರು. ಅವೆಲ್ಲ ಈಗ ಕಡಿಮೆ ಬೆಲೆಗೆ ಮಾರುಕಟ್ಟೆಗೆ ಬರುತ್ತಿವೆ. ಫ್ಯಾಷನ್ ಹೋದ ಮಾತ್ರಕ್ಕೆ ಪದಾರ್ಥ ಕೆಡುವುದಿಲ್ಲ. ಅಜ್ಜಿಯ ಕಂಚಿ ಸೀರೆಯನ್ನು ಕೇಳಿ ನೋಡಿ.

ಕಲಿಯುವವರಿಗೆ ಡಿಎಸ್‌ಎಲ್‌ಆರ್‌ನಲ್ಲಿ ಇನ್ನೊಂದು ಸುಖವಿದೆ. ಕಣ್ಣಿಟ್ಟು ನೋಡುವ ಕಿಂಡಿಗೆ ವಿದ್ಯುತ್ ಬೇಕಿಲ್ಲ, ಕಾಣುವುದು ನೇರ ಬೆಳಕು. ಆದ್ದರಿಂದ ಬ್ಯಾಟರಿ ಬಹಳ ಹೊತ್ತು ಬರುತ್ತದೆ. ನಿಕಾನ್ ಡಿ3500 ಒಮ್ಮೆ ಚಾರ್ಜ್ ಮಾಡಿದರೆ ಕಂಪನಿಯ ಲೆಕ್ಕದಲ್ಲಿ 1,550 ಚಿತ್ರಗಳನ್ನು, ಕ್ಯಾನನ್ 1500ಡಿ ಸುಮಾರು 500 ಚಿತ್ರಗಳನ್ನು ತೆಗೆಯುತ್ತದೆ. ಕನ್ನಡಕ ಹಾಕುವ ಅಜ್ಜ-ಅಜ್ಜಿಯರಿಗೆ ಒಂದು ಗುಟ್ಟು: ಬಹುಪಾಲು ಕ್ಯಾಮೆರಾಗಳಲ್ಲಿ ಆ ಕಿಂಡಿಯ ಪಕ್ಕದಲ್ಲೊಂದು ಪುಟ್ಟ ಚಕ್ರವಿರುತ್ತದೆ. ಅದನ್ನು ತಿರುಗಿಸಿ ನಿಮ್ಮ ಕಣ್ಣಿಗೆ ಸ್ಪಷ್ಟವಾಗುವಂತೆ ಹೊಂದಿಸಿಕೊಳ್ಳಬಹುದು. ಕೊಳ್ಳುವಾಗ ಅದು ಇದೆಯೇ ಎಂದು ಕೇಳಿ.

ಮೆಗಾಪಿಕ್ಸೆಲ್ಲಿನ ಮಾಯೆ

ಮಕ್ಕಳೇ, ಪೆನ್ಸಿಲ್ ತೆಗೆದುಕೊಳ್ಳಿ. ಗೋಡೆಗೆ ಹಾಕುವ 10 ಅಂಗುಲ ಉದ್ದ, 8 ಅಂಗುಲ ಅಗಲದ ಚಿತ್ರವನ್ನು ಚೊಕ್ಕವಾಗಿ ಪ್ರಿಂಟ್ ಮಾಡಿಸಲು ಅಂಗುಲಕ್ಕೆ 300 ಚುಕ್ಕಿ ಸಾಕು. 10 × 300 = 3,000. 8 × 300 = 2,400. ಎರಡನ್ನೂ ಗುಣಿಸಿದರೆ 72 ಲಕ್ಷ ಚುಕ್ಕಿ. ಒಂದು ಮೆಗಾಪಿಕ್ಸೆಲ್ ಎಂದರೆ ಹತ್ತು ಲಕ್ಷ ಚುಕ್ಕಿ. ಅಂದರೆ ನಮಗೆ ಬೇಕಾದದ್ದು 7.2 ಮೆಗಾಪಿಕ್ಸೆಲ್. ಹತ್ತು ವರ್ಷ ಹಳೆಯ ಡಿಎಸ್‌ಎಲ್‌ಆರ್‌ನಲ್ಲೂ ಇದಕ್ಕಿಂತ ಹೆಚ್ಚು ಇರುತ್ತದೆ. 24 ಮೆಗಾಪಿಕ್ಸೆಲ್ಲಿನ ಕ್ಯಾಮೆರಾ 6,000 × 4,000 ಚುಕ್ಕಿಯ ಚಿತ್ರ ಕೊಡುತ್ತದೆ. ಎಷ್ಟು ಕೋಟಿ ಆಯಿತು ಎಂದು ನೀವೇ ಲೆಕ್ಕ ಹಾಕಿ.

ಇನ್ನೊಂದು ಸ್ವಾರಸ್ಯ. 1975ರಲ್ಲಿ ಅಮೆರಿಕದ ಕೊಡಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಮೊದಲ ಡಿಜಿಟಲ್ ಕ್ಯಾಮೆರಾ ತಯಾರಿಸಿದಾಗ ಅದರಲ್ಲಿದ್ದದ್ದು ಕೇವಲ 10,000 ಚುಕ್ಕಿ. ತೂಕ ಸುಮಾರು 3.6 ಕಿಲೊ. ಒಂದು ಚಿತ್ರ ಟೇಪಿನ ಮೇಲೆ ದಾಖಲಾಗಲು 23 ಸೆಕೆಂಡ್ ಹಿಡಿಯುತ್ತಿತ್ತು.

ಚುಕ್ಕಿಗಳ ಮಾತೇ ಇಲ್ಲದ ಕಾಲದಲ್ಲಿ ನಮ್ಮ ನಾಡಿನಲ್ಲಿ ಎಂಥ ಚಿತ್ರಗಳು ಬಂದವು! ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಫಿಲ್ಮ್ ಹಾಕಿ ಕಾಡುಪ್ರಾಣಿ, ಹಕ್ಕಿಗಳನ್ನು ಸೆರೆಹಿಡಿದರು. ಸಂಡೂರಿನ ಎಂ.ವೈ. ಘೋರ್ಪಡೆಯವರು 1970ರ ದಶಕದಲ್ಲಿ ರಾಜ್ಯದ ಹಣಕಾಸು ಸಚಿವರಾಗಿದ್ದವರು, ಕಪ್ಪು-ಬಿಳುಪಿನ ವನ್ಯಜೀವಿ ಚಿತ್ರಗಳಿಗೂ ಹೆಸರಾದವರು. ರಾಜ್ಯದ ಖಜಾನೆಯ ಲೆಕ್ಕವನ್ನೂ ಬೆಳಕಿನ ಲೆಕ್ಕವನ್ನೂ ಒಬ್ಬರೇ ಇಟ್ಟರು ಎಂದು ನನಗೆ ಅವರ ಮೇಲೆ ವಿಶೇಷ ಅಭಿಮಾನ. ಆಗ ಒಂದು ರೋಲಿಗೆ 36 ಚಿತ್ರ. ಒಂದೊಂದನ್ನೂ ಯೋಚಿಸಿ ಖರ್ಚು ಮಾಡಬೇಕಿತ್ತು.

ಯಾವ ಮಾದರಿ?

ಹೆಸರು ಹೇಳದೆ ಸಲಹೆ ಕೊಟ್ಟರೆ ಪ್ರಯೋಜನವಿಲ್ಲ. ನಾವು ನೋಡಿದ ಆರಂಭಿಕ ಹಂತದ ಮಾದರಿಗಳು ಇವು: ಕ್ಯಾನನ್ 1500ಡಿ, ಕ್ಯಾನನ್ 200ಡಿ, ನಿಕಾನ್ ಡಿ3400, ಡಿ3500, ಡಿ5600. ಇವೆಲ್ಲದರಲ್ಲೂ 24 ಮೆಗಾಪಿಕ್ಸೆಲ್. ಕಲಿಯುವವರಿಗೆ ಯಾವುದಾದರೂ ಆದೀತು. 200ಡಿ, ಡಿ5600ರ ಪರದೆ ಹೊರಕ್ಕೆ ತಿರುಗುತ್ತದೆ, ಬೆರಳಿನಿಂದ ಮುಟ್ಟಿಯೂ ನಡೆಸಬಹುದು. ಡಿ3500 ಬ್ಯಾಟರಿ ಸಮೇತ 415 ಗ್ರಾಂ ಮಾತ್ರ, ಸಣ್ಣ ಕೈಗಳಿಗೆ ಹಿತ.

ನಿಕಾನ್ ಕೊಳ್ಳುವವರು ಒಂದು ವಿಷಯವನ್ನು ಬರೆದಿಟ್ಟುಕೊಳ್ಳಿ. ಅದರ ಡಿ3000, ಡಿ5000 ಸಾಲಿನ ಕ್ಯಾಮೆರಾಗಳ ಒಳಗೆ ಲೆನ್ಸನ್ನು ತಿರುಗಿಸುವ ಮೋಟಾರು ಇಲ್ಲ. ಆದ್ದರಿಂದ ಲೆನ್ಸಿನಲ್ಲೇ ಮೋಟಾರು ಇರಬೇಕು. ಲೆನ್ಸಿನ ಮೇಲೆ ಎಎಫ್-ಎಸ್ ಅಥವಾ ಎಎಫ್-ಪಿ ಎಂದು ಬರೆದಿದ್ದರೆ ಮೋಟಾರು ಇದೆ ಎಂದರ್ಥ. ಅಗ್ಗವಾಗಿ ಸಿಕ್ಕಿತೆಂದು 50 ಮಿ.ಮೀ. ಎಎಫ್-ಡಿ ಲೆನ್ಸು ತಂದರೆ ಅದು ತಾನಾಗಿ ಫೋಕಸ್ ಆಗುವುದಿಲ್ಲ, ಕೈಯಲ್ಲೇ ತಿರುಗಿಸಬೇಕು. ಎಎಫ್-ಪಿ ಲೆನ್ಸುಗಳು ಕೆಲವು ಹಳೆಯ ಮಾದರಿಗಳಿಗೆ ಒಗ್ಗುವುದಿಲ್ಲ, ಅದನ್ನೂ ಕೇಳಿಕೊಳ್ಳಿ. ಕ್ಯಾನನ್‌ನಲ್ಲಿ ಈ ತೊಡಕಿಲ್ಲ. 1987ರಿಂದ ಬಂದ ಅದರ ಇಎಫ್ ಸಾಲಿನ ಆಟೊಫೋಕಸ್ ಲೆನ್ಸುಗಳಲ್ಲಿ ಮೋಟಾರು ಲೆನ್ಸಿನೊಳಗೇ ಇದೆ. ಹಳೆಯ ಲೆನ್ಸುಗಳನ್ನು ಹುಡುಕಿ ಕೊಳ್ಳುವ ನಮ್ಮಂಥವರಿಗೆ ಅದು ಅನುಕೂಲವೆಂದು ನಾವು 1500ಡಿ ಆರಿಸಿದೆವು.

ಎಲ್ಲಕ್ಕಿಂತ ಮುಖ್ಯವಾದ ಮಾತು: ಹಣವನ್ನೆಲ್ಲ ಪೆಟ್ಟಿಗೆಗೆ ಸುರಿಯಬೇಡಿ. ಕ್ಯಾಮೆರಾದ ಜೊತೆಗೆ ಬರುವ 18-55 ಮಿ.ಮೀ. ಲೆನ್ಸಿನ ಕಣ್ಣು 55ರ ತುದಿಯಲ್ಲಿ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. 50 ಮಿ.ಮೀ. ಎಫ್/1.8 ಎಂಬ ಸಣ್ಣ ಲೆನ್ಸಿನ ಕಣ್ಣು ಅದಕ್ಕಿಂತ ಬಹಳ ದೊಡ್ಡದು. 5.6ನ್ನು 1.8ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ. ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು! ಮನೆಯೊಳಗೆ 1/15 ಸೆಕೆಂಡ್ ಬೇಕಾಗುವ ಕಡೆ 1/125 ಸೆಕೆಂಡ್ ಸಾಕು. ಕೈ ನಡುಗಿದರೂ ಚಿತ್ರ ಅಲುಗುವುದಿಲ್ಲ, ಫ್ಲಾಶ್ ಮಿಂಚಿಸಿ ಯಾರ ಕಣ್ಣನ್ನೂ ಕುಕ್ಕಬೇಕಿಲ್ಲ. ಮುಖಗಳನ್ನು ಇಷ್ಟಪಡುವ ಮಗುವಿಗೆ ಎರಡನೆಯ ಲೆನ್ಸು ಇದೇ ಆಗಲಿ. ನಿಕಾನ್‌ನವರು 35 ಮಿ.ಮೀ. ಎಫ್/1.8 ಎಎಫ್-ಎಸ್ ನೋಡಬಹುದು. ನಿಮ್ಮ ಮೂವತ್ತು ದಿನದ ಪಟ್ಟಿಯಲ್ಲಿ ಹಕ್ಕಿಗಳೇ ತುಂಬಿದ್ದರೆ ಮಾತ್ರ ಕ್ಯಾನನ್ 55-250 ಅಥವಾ ನಿಕಾನ್ 70-300ರಂಥ ದೂರದ ಲೆನ್ಸಿಗೆ ಹೋಗಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ಬ್ಯಾಂಕಿನಲ್ಲಿ ನೋಟಿನ ಕಂತೆ ಕೈಗೆ ಬಂದರೆ ಎಣಿಸದೆ ಒಳಗಿಡುವ ಹಾಗಿಲ್ಲ. ಹಳೆಯ ಕ್ಯಾಮೆರಾವನ್ನೂ ಹಾಗೆಯೇ ನೋಡಬೇಕು. ನಮ್ಮ ಪಟ್ಟಿ ಹೀಗಿತ್ತು:

1. ಮೂಲ ಬಿಲ್ಲು ಕೇಳಿ. ಬಿಲ್ಲಿನ ಸೀರಿಯಲ್ ನಂಬರೂ ಕ್ಯಾಮೆರಾದ ಮೇಲಿನ ನಂಬರೂ ಒಂದೇ ಇರಬೇಕು. ಬಿಲ್ಲಿಲ್ಲದ ಅಗ್ಗದ ಮಾಲು ಕದ್ದದ್ದೂ ಇರಬಹುದು.

2. ಶಟರ್ ಎಣಿಕೆ ಕೇಳಿ. ಸ್ಕೂಟರಿಗೆ ಎಷ್ಟು ಕಿಲೊಮೀಟರ್ ಓಡಿದೆ ಎಂಬಂತೆ, ಕ್ಯಾಮೆರಾಕ್ಕೆ ಎಷ್ಟು ಸಲ 'ಟಕ್' ಎಂದಿದೆ ಎಂಬುದು. ಆರಂಭಿಕ ಹಂತದ ಕ್ಯಾಮೆರಾಗಳಿಗೆ ಸಾಮಾನ್ಯವಾಗಿ ಒಂದು ಲಕ್ಷದ ಆಯಸ್ಸು ಎಂದು ಲೆಕ್ಕ. ನಿಕಾನ್‌ನಲ್ಲಿ ಈ ಸಂಖ್ಯೆ ಚಿತ್ರದ ಫೈಲಿನಲ್ಲೇ ದಾಖಲಾಗಿರುತ್ತದೆ. ಕ್ಯಾನನ್‌ನ ಬಹುತೇಕ ಮಾದರಿಗಳಲ್ಲಿ ಕಂಪ್ಯೂಟರಿಗೆ ಜೋಡಿಸಿ ತಂತ್ರಾಂಶದಿಂದ ನೋಡಬೇಕು. ನಾವು ಕೊಂಡದ್ದು 7,800 ತೋರಿಸಿತು.

3. ಲೆನ್ಸಿನ ಒಂದು ತುದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ತುದಿಯಿಂದ ನೋಡಿ. ಒಳಗೆ ಜೇಡರ ಬಲೆಯಂಥ ಗೆರೆಗಳು ಕಂಡರೆ ಅದು ಬೂಷ್ಟು. ಮಲೆನಾಡು, ಕರಾವಳಿಯ ಮಳೆಗಾಲ ಕಂಡ ಲೆನ್ಸುಗಳಲ್ಲಿ ಇದು ಸಾಮಾನ್ಯ. ಎಷ್ಟೇ ಅಗ್ಗವಾದರೂ ಬೇಡ.

4. ಎಫ್/16ಕ್ಕೆ ಇಟ್ಟು ಆಕಾಶವನ್ನೋ ಬಿಳಿ ಗೋಡೆಯನ್ನೋ ತೆಗೆದು, ಚಿತ್ರವನ್ನು ಹಿಗ್ಗಿಸಿ ನೋಡಿ. ಕಪ್ಪು ಮಚ್ಚೆಗಳು ಕಂಡರೆ ಸೆನ್ಸರಿನ ಮೇಲೆ ಧೂಳಿದೆ. ತೊಳೆಸುವ ಖರ್ಚನ್ನು ಬೆಲೆಯಲ್ಲಿ ಕಳೆಯಲು ಹೇಳಿ.

5. ಎಲ್ಲ ಗುಂಡಿಗಳನ್ನೂ ಒತ್ತಿ, ಚಕ್ರಗಳನ್ನು ತಿರುಗಿಸಿ. ತಿರುಪುಗಳ ತಲೆ ಗೀಚಿದ್ದರೆ ಯಾರೋ ಬಿಚ್ಚಿದ್ದಾರೆ. ಬ್ಯಾಟರಿ ಉಬ್ಬಿದ್ದರೆ ಹೊಸ ಬ್ಯಾಟರಿಯ ಬೆಲೆ ಕಳೆಯಿರಿ.

ಕಾಣದ ಮಾರಾಟಗಾರರಿಗೆ ಮುಂಗಡ ಕಳಿಸಲೇಬೇಡಿ. ಕ್ಯಾಮೆರಾ ಕೈಯಲ್ಲಿ ಹಿಡಿದು ನೋಡಿದ ಮೇಲೆಯೇ ದುಡ್ಡು. ಇನ್ನೊಂದು, ಇದನ್ನು ಅಜ್ಜ-ಅಜ್ಜಿಯರಿಗೆ ಒತ್ತಿ ಹೇಳುತ್ತೇನೆ: ನಿಮಗೆ ಹಣ ಬರಬೇಕಾದರೆ ಯುಪಿಐ ಪಿನ್ ಒತ್ತುವ ಅಗತ್ಯವೇ ಇಲ್ಲ. ಪಿನ್ ಕೇಳಿದರೆಂದರೆ ಹಣ ಹೋಗುತ್ತಿದೆ ಎಂದೇ ಅರ್ಥ.

ಬಡ್ಡಿಯಿಲ್ಲದ ಕಂತು ಎಂಬುದು

ಒಂದು ಅಂಗಡಿಯಲ್ಲಿ ನಮ್ಮ ಮುಂದೆ ದೊಡ್ಡ ಪೆಟ್ಟಿಗೆ ತೆರೆದಿಟ್ಟರು. ಎರಡು ಲೆನ್ಸು, ಟ್ರೈಪಾಡು, ಚೀಲ, ಎಲ್ಲ ಸೇರಿ 60,000. "ಬಡ್ಡಿಯೇ ಇಲ್ಲ ಸಾರ್, ತಿಂಗಳಿಗೆ 5,000, ಹನ್ನೆರಡು ಕಂತು." ಮೊಮ್ಮಗಳ ಕಣ್ಣು ಹೊಳೆಯಿತು. ನಾನು ಒಂದೇ ಪ್ರಶ್ನೆ ಕೇಳಿದೆ: "ಈಗಲೇ ಪೂರ್ತಿ ನಗದು ಕೊಟ್ಟರೆ ಎಷ್ಟು?" ಸ್ವಲ್ಪ ಹೊತ್ತು ಯೋಚಿಸಿ 56,000 ಎಂದರು.

ಮಕ್ಕಳೇ, ಆ 4,000 ರೂಪಾಯಿಯೇ ಬಡ್ಡಿ. ಹೆಸರು ಬೇರೆ, ಅಷ್ಟೇ. ಇದರ ಮೇಲೆ ಕೆಲವು ಕಡೆ ಸಂಸ್ಕರಣಾ ಶುಲ್ಕವೂ ಅದರ ಮೇಲೆ ತೆರಿಗೆಯೂ ಸೇರುತ್ತವೆ. 2013ರಲ್ಲೇ ರಿಸರ್ವ್ ಬ್ಯಾಂಕು, ಶೂನ್ಯ ಬಡ್ಡಿ ಎಂಬುದು ಇಲ್ಲವೇ ಇಲ್ಲ ಎಂಬ ಅರ್ಥದ ಸುತ್ತೋಲೆಯನ್ನು ಬ್ಯಾಂಕುಗಳಿಗೆ ಕಳಿಸಿತ್ತು. ಕಂತಿನಲ್ಲಿ ಕೊಳ್ಳುವುದು ಪಾಪವಲ್ಲ. ಎಷ್ಟು ಹೆಚ್ಚು ಕೊಡುತ್ತಿದ್ದೇವೆ ಎಂದು ತಿಳಿದು ಕೊಳ್ಳಬೇಕು, ಅಷ್ಟೆ. ಮೊದಲ ಕ್ಯಾಮೆರಾಕ್ಕೆ ಸಾಲ ಬೇಡವೆಂಬುದು ನನ್ನ ಮತ. ಸಾಲ ಮಾಡಿ ತಂದ ವಸ್ತುವನ್ನು ಮಕ್ಕಳ ಕೈಗೆ ಕೊಡಲು ದೊಡ್ಡವರಿಗೆ ಭಯ, "ಮುಟ್ಟಬೇಡ, ಬೀಳಿಸೀಯೆ" ಎಂಬುದೇ ಮಾತು. ಹಾಗೆ ಕ್ಯಾಮೆರಾ ಬೀರು ಸೇರುತ್ತದೆ.

ಕೊನೆಗೆ ನಮ್ಮ 25,000 ಹೀಗೆ ಹಂಚಿಹೋಯಿತು: 18-55 ಲೆನ್ಸಿನ ಸಮೇತ ಹಳೆಯ ಕ್ಯಾಮೆರಾ 16,500. ಹಳೆಯ 50 ಮಿ.ಮೀ. ಲೆನ್ಸು 5,500. 64 ಜಿಬಿ ಕಾರ್ಡು 700. ಚೀಲ, ಧೂಳು ಊದುವ ಬುರುಡೆ, ಒರೆಸುವ ಬಟ್ಟೆ 900. ಬಿಗಿ ಮುಚ್ಚಳದ ಡಬ್ಬಿ, ತೇವ ಹೀರುವ ಸಿಲಿಕಾ ಜೆಲ್ 300. ಉಳಿದ 1,100 ಪ್ರಿಂಟ್ ಹಾಕಿಸಲು. ಕೂಡಿ ನೋಡಿ, ತಾಳೆಯಾಗುತ್ತದೆ. ಬೆಲೆಗಳು ಊರಿಂದೂರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತವೆ, ನಿಮ್ಮ ಅಂಕಿ ಬೇರೆಯಿರಬಹುದು. ಆದರೆ ಕೊನೆಯ ಎರಡು ಬಾಬತ್ತುಗಳನ್ನು ಮಾತ್ರ ಬಿಡಬೇಡಿ. ಡಬ್ಬಿ ಇಲ್ಲದಿದ್ದರೆ ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ತೊಗಲಿನ ಚೀಲದಲ್ಲಿಟ್ಟರೆ ಇನ್ನೂ ಬೇಗ. ಪ್ರಿಂಟಿನ ಹಣ ಏಕೆ ಎಂಬುದನ್ನು ಈಗ ಹೇಳುತ್ತೇನೆ.

ಗದ್ದದ ಕಥೆ

ನಮ್ಮ ಮನೆಯ ಗೋಡೆಯ ಮೇಲೆ ನನ್ನ ತಾಯಿಯ ಫೋಟೊ ಇದೆ. ಅವರು ಹೋದ ಮೇಲೆ ಹುಡುಕಿದಾಗ ಸಿಕ್ಕಿದ್ದು ಚಿಕ್ಕಪ್ಪನ ಮದುವೆಯ ಗುಂಪು ಚಿತ್ರವೊಂದೇ. ಮೂರನೇ ಸಾಲಿನಲ್ಲಿ ನಿಂತಿದ್ದರು. ಮುಂದೆ ನಿಂತ ಬೀಗರ ಪೇಟ ಅವರ ಗದ್ದವನ್ನು ಮುಚ್ಚಿತ್ತು. ಮುಖದ ಭಾಗವನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿಸಿದೆವು. ಸ್ಟುಡಿಯೋದವರು ಗದ್ದವನ್ನು ಕುಂಚದಿಂದ ಬರೆದು ಕೊಟ್ಟರು. ಅದು ನನ್ನ ತಾಯಿಯ ಗದ್ದವಲ್ಲ. ನಿಜವಾದ ಗದ್ದ ಹೇಗಿತ್ತೆಂದು ಕಂಡವರು ಈ ಮನೆಯಲ್ಲಿ ಈಗ ನಾನು, ನನ್ನ ಹೆಂಡತಿ ಇಬ್ಬರೇ.

ಬ್ಯಾಂಕಿನಲ್ಲೂ ಇಂಥದ್ದನ್ನು ಕಂಡಿದ್ದೇನೆ. ಖಾತೆದಾರರು ತೀರಿಕೊಂಡಾಗ ಹಣದ ಕೆಲಸ ಮುಗಿಸಿದ ಮನೆಯವರು, ಎದ್ದು ಹೋಗುವ ಮುನ್ನ ತಡವರಿಸುತ್ತ, "ಅರ್ಜಿಗೆ ಅಂಟಿಸಿದ್ದ ಫೋಟೊ ಸಿಗಬಹುದೇ ಸಾರ್?" ಎಂದು ಕೇಳಿದ್ದುಂಟು. ಈಗ ಪ್ರತಿ ಫೋನಿನಲ್ಲೂ ಸಾವಿರ ಚಿತ್ರಗಳಿವೆ, ನಿಜ. ಆದರೆ ಹುಡುಕಿ ನೋಡಿ: ಅಜ್ಜಿ ಇರುವುದು ಮೂಲೆಯಲ್ಲಿ, ಅರ್ಧ ಕಣ್ಣು ಮುಚ್ಚಿ, ಕೈಯಲ್ಲಿ ಸೌಟು ಹಿಡಿದು.

ನನ್ನ ಹೆಂಡತಿಗೂ ಕ್ಯಾಮೆರಾ ಕಂಡರೆ ಆಗದು. "ನನ್ನದೇನು ಫೋಟೊ, ಮಕ್ಕಳದ್ದು ತೆಗಿ" ಎಂದು ಸೆರಗು ಅಡ್ಡ ಮಾಡುವವಳು. ಆದರೆ ಮೊಮ್ಮಗಳು ದಿನವೂ ಕ್ಯಾಮೆರಾ ಹಿಡಿದು ಮನೆಯೊಳಗೆ ಓಡಾಡಿ ಓಡಾಡಿ, ಮೂರು ವಾರದಲ್ಲಿ ಅದು ಇದೆಯೆಂಬುದೇ ಅಜ್ಜಿಗೆ ಮರೆತುಹೋಯಿತು. ಜನವರಿಯ ಒಂದು ಬೆಳಿಗ್ಗೆ ಕಿಟಕಿಯ ಪಕ್ಕ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಯಾವುದೋ ಹಳೆಯ ಮಾತು ನೆನೆದು ತನ್ನಷ್ಟಕ್ಕೆ ನಕ್ಕಳು. ಟಕ್. 50 ಮಿ.ಮೀ. ಲೆನ್ಸು, ಎಫ್/2, 1/125 ಸೆಕೆಂಡ್, ಫ್ಲಾಶ್ ಇಲ್ಲ, ಕಿಟಕಿಯ ಬೆಳಕು ಮಾತ್ರ.

ಅದನ್ನು 10 × 8ಕ್ಕೆ ಪ್ರಿಂಟ್ ಹಾಕಿಸಿ ತಂದೆವು. ಹೆಂಡತಿ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದಳು. "ಚೆನ್ನಾಗಿದೆ. ಇದನ್ನೇ ಇಟ್ಟುಕೊಳ್ಳಿ. ಆಮೇಲೆ ಹುಡುಕಾಡೋದು ಬೇಡ" ಎಂದಳು. ಮೊಮ್ಮಗಳ ಮುಖ ಸಣ್ಣದಾಯಿತು. "ಅಜ್ಜಿ, ಹಾಗೆಲ್ಲ ಹೇಳಬೇಡ."

"ಅದಕ್ಕಲ್ಲ ಕಣೇ. ಗದ್ದ ನನ್ನದೇ ಇದೆಯಲ್ಲ, ಅದಕ್ಕೆ ಹೇಳಿದೆ."

ಆ ಪ್ರಿಂಟಿನ ಬೆಲೆ ನೂರಾರು ರೂಪಾಯಿಯ ಒಳಗೆ. ಕ್ಯಾಮೆರಾ 60,000ದ್ದಾಗಿದ್ದರೂ ಆ ಚಿತ್ರ ಅದಕ್ಕಿಂತ ಚೆನ್ನಾಗಿ ಬರುತ್ತಿರಲಿಲ್ಲ. ಬಂದದ್ದು ಕ್ಯಾಮೆರಾ ದಿನವೂ ಹೊರಗಿದ್ದುದರಿಂದ. ಕೈಯಿಂದ ಬಿದ್ದರೆ ಮನೆ ಮುಳುಗೀತು ಎಂಬ ಭಯವಿಲ್ಲದಷ್ಟು ಬೆಲೆಯದ್ದೇ ಮೊದಲ ಕ್ಯಾಮೆರಾ ಆಗಬೇಕು ಎಂದು ನಾನು ಹೇಳುವುದು ಇದಕ್ಕೇ.

ಈ ವಾರದ ಲೆಕ್ಕ

ಮಕ್ಕಳಿಗೆ: ಮನೆಯಲ್ಲಿರುವ ಫೋನಿನಿಂದಲೇ ಇಂದಿನಿಂದ ಮೂವತ್ತು ದಿನದ ಎಣಿಕೆ ಶುರುಮಾಡಿ. ಒಂದು ಹಾಳೆಯಲ್ಲಿ ಜನ, ಹಕ್ಕಿ, ಬೀದಿ, ಇತರೆ ಎಂದು ನಾಲ್ಕು ಮನೆ ಬರೆದು ಗೆರೆ ಹಾಕುತ್ತ ಹೋಗಿ. ತಿಂಗಳ ಕೊನೆಗೆ ಯಾವ ಮನೆ ತುಂಬಿತು ಎಂದು ನೋಡಿ, ಆಮೇಲೆ ಅಜ್ಜನ ಕುರ್ಚಿಯ ಪಕ್ಕಕ್ಕೆ ಹೋಗಿ ನಿಲ್ಲಿ.

ಅಜ್ಜ-ಅಜ್ಜಿಯರಿಗೆ: ಮೊಮ್ಮಗು ಫೋಟೊ ತೆಗೆಯಲು ಬಂದರೆ ಸೆರಗು ಅಡ್ಡ ಹಿಡಿಯಬೇಡಿ, ಮುಖ ತಿರುಗಿಸಬೇಡಿ. ಕಿಟಕಿಯ ಹತ್ತಿರ ಕೂತು ನಿಮ್ಮ ಕೆಲಸ ನೀವು ಮಾಡುತ್ತಿರಿ. ತೆಗೆದ ಚಿತ್ರಗಳಲ್ಲಿ ಒಂದನ್ನಾದರೂ ಪ್ರಿಂಟ್ ಹಾಕಿಸಿ, ಹಿಂದೆ ತಾರೀಕು ಬರೆಯಿರಿ, ಜೊತೆಗೆ ತೆಗೆದವರ ಹೆಸರನ್ನೂ.